ಕಡಲ ದಡದ ಅರಮನೆಯಲ್ಲಿ ಕೊಡಗಿನ ಹುಡುಗಿ

ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದ ಆಸ್ಬರ್ನ್ ಹೌಸ್, ಮಕ್ಕಳ ಜತೆ ಒಂದು ದಿನ ಕಳೆಯಲು ಹೇಳಿ ಮಾಡಿಸಿದ ಜಾಗ. ಸಮುದ್ರವಿದೆ, ಆಟದ ಕೋಟೆಯಿದೆ, ರಾಜಕುಮಾರರು ಬೆವರು ಸುರಿಸಿದ ತರಕಾರಿ ತೋಟವಿದೆ. ಅದೇ ಮನೆಯಲ್ಲಿ ಬಣ್ಣದ ಅಮೃತಶಿಲೆಯಲ್ಲಿ ಕೊಡಗಿನ ಕೊನೆಯ ಅರಸನ ಮಗಳೂ ಇದ್ದಾಳೆ. ಅವಳನ್ನು ಬಿಟ್ಟು ಬಂದರೆ ಆಸ್ಬರ್ನ್ ಅರ್ಧ ನೋಡಿದಂತೆ!

ಮರಗಳ ನಡುವೆ ಒಂದು ಪುಟ್ಟ ಮರದ ಮನೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಮನೆಗಳ ಹಾಗೆ ಅಗಲವಾದ ಸೂರು, ಕಟಕಟೆಯ ಜಗಲಿ. ಹತ್ತಿರದಲ್ಲೇ ತರಕಾರಿ ಪಾತಿಗಳು. ಹುಲ್ಲು ಹೊದಿಸಿದ ಚಪ್ಪರದಲ್ಲಿ ಮಕ್ಕಳ ಎತ್ತರಕ್ಕೆ ಮಾಡಿಸಿದ ಒಂಟಿ ಚಕ್ರದ ಕೈಗಾಡಿಗಳು, ಗುದ್ದಲಿಗಳು. ಯಾವುದು ಯಾರದ್ದೆಂದು ತಿಳಿಯಲು ಅವುಗಳ ಮೇಲೆ ಹೆಸರಿನ ಮೊದಲಕ್ಷರ. 1850ರ ದಶಕದಲ್ಲಿ ಇಲ್ಲಿ ಮಣ್ಣು ಅಗೆದು, ಬಟಾಣಿ, ಈರುಳ್ಳಿ, ಆಲೂಗಡ್ಡೆ ಬೆಳೆಯುತ್ತಿದ್ದ ಮಕ್ಕಳು ಫಸಲನ್ನು ಅಪ್ಪನ ಮುಂದೆ ತಂದಿಡುತ್ತಿದ್ದರು. ಅಪ್ಪ ನೋಡಿ, ಚೆನ್ನಾಗಿದ್ದರೆ ಪೇಟೆಯ ದರದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದ. ಕೊಳ್ಳುತ್ತಿದ್ದವನು ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್. ಮಾರುತ್ತಿದ್ದ ಮಕ್ಕಳಲ್ಲಿ ಒಬ್ಬ ಮುಂದೆ ಏಳನೇ ಎಡ್ವರ್ಡ್ ದೊರೆಯಾದ, ಒಬ್ಬಳು ಜರ್ಮನಿಯ ಸಾಮ್ರಾಜ್ಞಿಯಾದಳು. ಸ್ವಿಸ್ ಕಾಟೇಜ್ ಎಂಬ ಆ ಮನೆಯನ್ನು 1854ರಲ್ಲಿ ಮಕ್ಕಳ ಕೈಗೆ ಒಪ್ಪಿಸಲಾಯಿತು. ಒಳಗೆ ಅವರ ಅಳತೆಗೆ ಸರಿಯಾದ ಒಲೆ, ಪಾತ್ರೆಗಳಿರುವ ಅಡುಗೆಮನೆ. ರಾಜಕುಮಾರಿಯರು ಅಲ್ಲಿ ಅಡುಗೆ ಕಲಿತು ಅಪ್ಪ ಅಮ್ಮನನ್ನು ಚಹಾಕ್ಕೆ ಕರೆಯುತ್ತಿದ್ದರು.

ಜುಲೈ ಕೊನೆಗೆ ಇಂಗ್ಲೆಂಡಿನ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ. ಸೌತಾಂಪ್ಟನ್ನಿನಿಂದ ಕಾರು ಹತ್ತಿಸಿಕೊಳ್ಳುವ ಫೆರ್ರಿ ಸೊಲೆಂಟ್ ಜಲಸಂಧಿಯನ್ನು ದಾಟಿ ಈಸ್ಟ್ ಕೌಸ್‌ಗೆ ಬಿಟ್ಟರೆ, ಅಲ್ಲಿಂದ ಆಸ್ಬರ್ನ್ ತೀರಾ ಹತ್ತಿರ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ, ಮಕ್ಕಳ ಮನೆಗೆಂದು ಊರಿನಿಂದ ಹೋದ ಅಜ್ಜ ಅಜ್ಜಿಯರಿಗೂ ಇದು ಒಂದು ದಿನದಲ್ಲಿ ಮುಗಿಯುವ ಸುಲಭದ ಪ್ರವಾಸ. ಹಾಗೆ ಹೋದವರ ಕಣ್ಣಿಗೆ ಆಸ್ಬರ್ನ್ ಎರಡು ತುಂಡಾಗಿ ಬೀಳುವ ಅಪಾಯವಿದೆ. ಒಂದು ತುಂಡು ಮಕ್ಕಳದ್ದು: ಕಡಲ ದಂಡೆ, ತೋಟ, ಕೋಟೆ. ಇನ್ನೊಂದು ದೊಡ್ಡವರದ್ದು: ಅರಮನೆಯ ಕೋಣೆಗಳು, ಚಿತ್ರಗಳು, ಭಾರತದಿಂದ ಬಂದ ಉಡುಗೊರೆಗಳ ದರ್ಬಾರ್ ಕೋಣೆ. ಅರಮನೆಯಿಂದ ಸ್ವಿಸ್ ಕಾಟೇಜಿಗೆ ಸಾಕಷ್ಟು ದೂರ ನಡೆಯಬೇಕಾದ್ದರಿಂದ ಈ ಒಡಕು ಇನ್ನೂ ಹೆಚ್ಚುತ್ತದೆ. ಚಿಕ್ಕ ಮಕ್ಕಳಿರುವವರು ಒಂದನ್ನು ಆರಿಸಿ ಇನ್ನೊಂದನ್ನು ಬಿಟ್ಟರೆ ಆಶ್ಚರ್ಯವಿಲ್ಲ. ಆದರೆ ಇವೆರಡೂ ಬೇರೆ ಬೇರೆ ಕತೆಗಳಲ್ಲ. ಆಸ್ಬರ್ನ್ ಕುಟುಂಬದ ಮನೆಯಾಗಿದ್ದರಿಂದಲೇ ಸಾಮ್ರಾಜ್ಯಕ್ಕೆ ಅಷ್ಟು ಉಪಯೋಗಕ್ಕೆ ಬಂತು. ಆ ಗಂಟು ಬಿಡಿಸಿ ನೋಡಲು ಕನ್ನಡಿಗರಿಗೆ ಸಿಗುವ ದಾರ ಕೊಡಗಿನ ಗೌರಮ್ಮ.

ಮೊದಲು ಮನೆಯ ಕತೆ. ವಿಕ್ಟೋರಿಯಾಗೆ ಅರಮನೆಗಳ ಕೊರತೆ ಇರಲಿಲ್ಲ. ಲಂಡನ್ನಿನಲ್ಲಿ ಬಕಿಂಗ್‌ಹ್ಯಾಮ್, ಹತ್ತಿರದಲ್ಲೇ ವಿಂಡ್ಸರ್, ಕಡಲ ತೀರ ಬೇಕೆಂದರೆ ಬ್ರೈಟನ್ನಿನಲ್ಲಿ ದೊಡ್ಡಪ್ಪ ನಾಲ್ಕನೇ ಜಾರ್ಜ್ ಕಟ್ಟಿಸಿದ್ದ ಗುಮ್ಮಟಗಳ ರಾಯಲ್ ಪೆವಿಲಿಯನ್. ಬ್ರೈಟನ್ನಿನಲ್ಲಿ ಹೊರಗೆ ಕಾಲಿಟ್ಟರೆ ಜನ ಮುತ್ತಿಕೊಳ್ಳುತ್ತಿದ್ದರು. ಜನರ ಕಣ್ಣು ತಪ್ಪಿಸಿ ಮಕ್ಕಳೊಂದಿಗೆ ಇರಬಹುದಾದ, ಸರಕಾರದ ಹಂಗಿಲ್ಲದ ಸ್ವಂತ ಮನೆಯೊಂದು ರಾಣಿಗೂ ಆಲ್ಬರ್ಟನಿಗೂ ಬೇಕಿತ್ತು. 1845ರಲ್ಲಿ ಆಸ್ಬರ್ನ್ ಎಸ್ಟೇಟನ್ನು ಕೊಂಡರು. ಅಲ್ಲಿದ್ದ ಹಳೆಯ ಮನೆ ಸಾಲದೆಂದು ಲಂಡನ್ನಿನ ಹೆಸರಾಂತ ಕಟ್ಟಡ ಗುತ್ತಿಗೆದಾರ ಥಾಮಸ್ ಕ್ಯೂಬಿಟ್‌ನನ್ನು ಕರೆಸಿ, ಆಲ್ಬರ್ಟ್ ತಾನೇ ಜತೆಗೆ ಕೂತು ನಕ್ಷೆ ಮಾಡಿಸಿದ. ಎದುರಿನ ಸೊಲೆಂಟ್ ನೀರು ಅವನಿಗೆ ಇಟಲಿಯ ನೇಪಲ್ಸ್ ಕೊಲ್ಲಿಯನ್ನು ನೆನಪಿಸುತ್ತಿತ್ತಂತೆ. ಅದಕ್ಕೇ ಎರಡು ಚೌಕ ಗೋಪುರಗಳು, ಮೆಟ್ಟಿಲು ಮೆಟ್ಟಿಲಾಗಿ ಕಡಲ ಕಡೆಗೆ ಇಳಿಯುವ ಅಂಗಳಗಳು, ಕಾರಂಜಿಗಳು, ಎಲ್ಲವೂ ಇಟಲಿಯ ಶೈಲಿಯವು. 1846ರಲ್ಲಿ ಕುಟುಂಬ ಹೊಸ ಭಾಗಕ್ಕೆ ಬಂದು ನೆಲೆಸಿತು. 1851ರ ಹೊತ್ತಿಗೆ ಉಳಿದ ಕಟ್ಟಡವೂ ಮುಗಿಯಿತು. ಬ್ರೈಟನ್ನಿನ ಪೆವಿಲಿಯನ್ನನ್ನು 1850ರಲ್ಲಿ ಆ ಊರಿಗೇ ಮಾರಿಬಿಟ್ಟರು.

ಒಂಬತ್ತು ಮಕ್ಕಳು ಇಲ್ಲಿ ಬೆಳೆದರು. ಈಜು ಕಲಿತರು, ಚಿಪ್ಪು, ಕಲ್ಲು, ಹಕ್ಕಿಗಳನ್ನು ಕೂಡಿಹಾಕಿ ತಮ್ಮದೇ ಮ್ಯೂಸಿಯಂ ಮಾಡಿಕೊಂಡರು. ಎರಡನೇ ಮಗಳು ಆಲಿಸಳ ಮದುವೆ 1862ರಲ್ಲಿ ಇದೇ ಮನೆಯ ಊಟದ ಕೋಣೆಯಲ್ಲಿ ನಡೆಯಿತು. ಆಲ್ಬರ್ಟ್ ಸತ್ತು ಏಳು ತಿಂಗಳೂ ಆಗಿರಲಿಲ್ಲ, ಮದುವೆಮನೆ ಶೋಕದ ಮನೆಯಂತೆಯೇ ಇತ್ತು. 1901ರ ಜನವರಿ 22ರಂದು ರಾಣಿ ಕೊನೆಯುಸಿರೆಳೆದದ್ದೂ ಇಲ್ಲೇ. ಹುಟ್ಟುಹಬ್ಬ, ಮದುವೆ, ಸಾವು ಎಲ್ಲವನ್ನೂ ಕಂಡ ಮನೆ ಇದು. ಇದನ್ನು ಕುಟುಂಬದ ಮನೆ ಎನ್ನುವುದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

■ ಮಕ್ಕಳಿಗೆ ಹೇಳಿ
ಗಾಲಿಯ ಮೇಲಿನ ಬಚ್ಚಲುಮನೆ: ರಾಣಿ ಮೊದಲ ಸಲ ಸಮುದ್ರಸ್ನಾನ ಮಾಡಿದ್ದು 1847ರ ಜುಲೈನಲ್ಲಿ, ಆಸ್ಬರ್ನ್ ತೀರದಲ್ಲಿ. ಅದಕ್ಕೆಂದೇ ಗಾಲಿಗಳ ಮೇಲೆ ಮರದ ಕೋಣೆಯೊಂದಿತ್ತು. ರಾಣಿ ಒಳಗೆ ಬಟ್ಟೆ ಬದಲಿಸುವಾಗ ಅದನ್ನು ಇಳಿಜಾರಿನಲ್ಲಿ ನೀರಿಗೆ ಬಿಡುತ್ತಿದ್ದರು. ರಾಣಿಯ ಕಾಲದ ನಂತರ ಅದು ಕೋಳಿಗೂಡಾಯಿತು! ದುರಸ್ತಿಯಾಗಿ ಈಗ ಮತ್ತೆ ತೀರಕ್ಕೆ ಬಂದಿದೆ. ಆ ತೀರ ಜನರಿಗೆ ತೆರೆದದ್ದು 2012ರಲ್ಲಿ.
ಹಲೋ, ರಾಣಿಯವರೇ: ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಹೊಸ ಟೆಲಿಫೋನನ್ನು ವಿಕ್ಟೋರಿಯಾಗೆ ತೋರಿಸಿದ್ದು 1878ರ ಜನವರಿಯಲ್ಲಿ, ಇದೇ ಮನೆಯಲ್ಲಿ.
ಬೇಡವಾದ ಬಳುವಳಿ: ಮಗ ಎಡ್ವರ್ಡನಿಗೆ ಆಸ್ಬರ್ನ್ ಬೇಕಿರಲಿಲ್ಲ. 1902ರಲ್ಲಿ ದೇಶಕ್ಕೆ ಕೊಟ್ಟುಬಿಟ್ಟ. 1903ರಿಂದ 1921ರವರೆಗೆ ಎಳೆಯ ನೌಕಾ ಕೆಡೆಟ್‌ಗಳ ಕಾಲೇಜು ಇಲ್ಲಿತ್ತು. ರಾಣಿಯ ಖಾಸಗಿ ಕೋಣೆಗಳು ಜನರಿಗೆ ತೆರೆದದ್ದು 1954ರಲ್ಲಿ.

ಈ ಕುಟುಂಬ ಜೀವನ ಗೋಡೆಯೊಳಗೇ ಉಳಿಯಲಿಲ್ಲ ಎಂಬಲ್ಲಿಂದ ನನ್ನ ವಾದ ಶುರು. 1857ರ ಮೇ ತಿಂಗಳ ಕೊನೆಗೆ ಲಿಯೊನಿಡಾ ಕಾಲ್ಡೆಸಿ ಎಂಬ ಛಾಯಾಗ್ರಾಹಕ ಆಸ್ಬರ್ನ್ ಅಂಗಳದಲ್ಲಿ ರಾಣಿ, ಆಲ್ಬರ್ಟ್ ಮತ್ತು ಒಂಬತ್ತೂ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆದ. ಕೊನೆಯ ಕೂಸು ಬಿಯಾಟ್ರಿಸ್ ಅಮ್ಮನ ತೋಳಲ್ಲಿ. ಅದೇ ಮೇ ತಿಂಗಳ 10ರಂದು ಮೀರತ್‌ನಲ್ಲಿ ಸಿಪಾಯಿಗಳು ಬಂಡೆದ್ದಿದ್ದರು. ಮೂರು ವರ್ಷ ಕಳೆದು, 1860ರಲ್ಲಿ, ಮೇಯಲ್ ಎಂಬ ಇನ್ನೊಬ್ಬ ಛಾಯಾಗ್ರಾಹಕ ತೆಗೆದ ರಾಜಕುಟುಂಬದ ಅಂಗೈಯಗಲದ ಚಿತ್ರಗಳು ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು, ಸಾಮಾನ್ಯರ ಆಲ್ಬಂಗಳಿಗೆ ಸೇರಿದವು. ಹಿಂದಿನ ದೊರೆಗಳ ದುಂದು, ಜೂಜು, ಉಪಪತ್ನಿಯರ ಕತೆಗಳಿಂದ ರೋಸಿದ್ದ ಜನರಿಗೆ ಈ ಗಂಡ, ಹೆಂಡತಿ, ಮಕ್ಕಳು ತಮ್ಮಂತೆಯೇ ಕಂಡರು. ಈ ನಡುವೆಯೇ ಭಾರತದ ಆಡಳಿತ ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ರಾಣಿಯ ಹೆಸರಿಗೆ ಬಂದಿತ್ತು. 1858ರ ಘೋಷಣೆಯಲ್ಲಿ ಪ್ರಜೆಗಳ ಧರ್ಮಕ್ಕೆ ಕೈಹಾಕುವುದಿಲ್ಲ, ಎಲ್ಲರನ್ನೂ ಸಮನಾಗಿ ಕಾಣುತ್ತೇವೆ ಎಂಬ ಭರವಸೆ ಕೊಟ್ಟ ರಾಣಿಯನ್ನು ನಮ್ಮಲ್ಲಿ ಎಷ್ಟೋ ಜನ ತಾಯಿಯ ಸ್ಥಾನದಲ್ಲಿಟ್ಟು ಅರ್ಜಿ ಬರೆದರು. ಆಳುವ ಕಂಪನಿಯನ್ನು ಯಾರೂ ತಾಯಿ ಎನ್ನಲಾರರು. ಒಂಬತ್ತು ಮಕ್ಕಳ ಹೆಂಗಸನ್ನು ಎನ್ನಬಹುದು. ತೋಟದ ಮನೆಯಲ್ಲಿ ಬೆಳೆದ ತಾಯ್ತನದ ಚಿತ್ರ ಸಾಮ್ರಾಜ್ಯದ ಆಸ್ತಿಯಾದದ್ದು ಹೀಗೆ.

ಆ ತಾಯ್ತನಕ್ಕೆ ಒಳಪಟ್ಟವರಲ್ಲಿ ಗೌರಮ್ಮ ಒಬ್ಬಳು. (ಕನ್ನಡದ ಕತೆಗಾರ್ತಿ ಕೊಡಗಿನ ಗೌರಮ್ಮನವರು ಬೇರೆ, ಅವರು ಇಪ್ಪತ್ತನೇ ಶತಮಾನದವರು.) 1834ರಲ್ಲಿ ಕಂಪನಿಯ ಸೇನೆ ಕೊಡಗಿಗೆ ನುಗ್ಗಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು, ಕೊನೆಗೆ ಅವನನ್ನು ಕಾಶಿಯಲ್ಲಿ ಇರಿಸಿತು. ಗೌರಮ್ಮ ಹುಟ್ಟಿದ್ದೇ ಆ ಗಡಿಪಾರಿನಲ್ಲಿ, 1841ರಲ್ಲಿ. 1852ರಲ್ಲಿ ಅವಳನ್ನು ಕರೆದುಕೊಂಡು ಅರಸ ಇಂಗ್ಲೆಂಡಿಗೆ ಹಡಗು ಹತ್ತಿದ. ಹಿರಿಯರು ಕಂಪನಿಯಲ್ಲಿ ಹೂಡಿದ್ದ ಹಣವನ್ನು ಕೋರ್ಟಿನಲ್ಲಿ ದಾವೆ ಹೂಡಿ ಪಡೆಯುವುದು ಒಂದು ಉದ್ದೇಶ, ಮಗಳನ್ನು ಇಂಗ್ಲಿಷ್ ರೀತಿಯಲ್ಲಿ, ಕ್ರೈಸ್ತಳಾಗಿ ಬೆಳೆಸುವುದು ಇನ್ನೊಂದು. ಆ ವರ್ಷವೇ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಹನ್ನೊಂದರ ಹುಡುಗಿ ಅಲ್ಲಿಂದ ಮುಂದೆ ಬೆಳೆದದ್ದು ಅಪ್ಪನ ಜತೆಯಲ್ಲಲ್ಲ, ಇಂಗ್ಲಿಷ್ ಪೋಷಕರ ವಶದಲ್ಲಿ.

ಈಗ ವಯಸ್ಸು ಹೊಂದಿಸಿ ನೋಡಿ. ರಾಣಿಯ ಹಿರಿಮಗಳು ವಿಕಿ 1840ರಲ್ಲಿ ಹುಟ್ಟಿದವಳು, ಹಿರಿಮಗ ಎಡ್ವರ್ಡ್ 1841ರಲ್ಲಿ. ಗೌರಮ್ಮ ಅವರ ಓರಗೆಯವಳು. ಸ್ವಿಸ್ ಕಾಟೇಜ್ ಮಕ್ಕಳ ಕೈಸೇರಿದ 1854ರಲ್ಲಿ ಅವಳಿಗೆ ಹದಿಮೂರು. ಒಂದು ಮನೆಯ ಮಕ್ಕಳಿಗೆ ಅಪ್ಪನೇ ಮುಂದೆ ನಿಂತು ಕಷ್ಟದ ಬೆಲೆ, ಮಣ್ಣಿನ ಬೆಲೆ ಕಲಿಸುತ್ತಿದ್ದಾಗ, ಅದೇ ತಾಯಿಯ ಹೆಸರು ಹೊತ್ತ ಇನ್ನೊಬ್ಬ ಹುಡುಗಿ ತನ್ನ ಅಪ್ಪನಿಂದ ದೂರವಾಗುತ್ತಿದ್ದಳು. ಆಸ್ಬರ್ನ್ ನೋಡುವ ಮಗುವಿಗೆ ಈ ಎರಡು ಬಾಲ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದೇ ಆ ದಿನದ ನಿಜವಾದ ಸಂಪಾದನೆ.

ಹಾಗೆ ಅಕ್ಕಪಕ್ಕ ಇಡಲು ಬೇಕಾದ ಸಾಕ್ಷ್ಯ ಮನೆಯೊಳಗೇ ಇದೆ, ಅದೂ ಕಲ್ಲಿನಲ್ಲಿ. ಮೇರಿ ಥಾರ್ನಿಕ್ರಾಫ್ಟ್ ಎಂಬ ಶಿಲ್ಪಿಯಿಂದ ರಾಣಿ ತನ್ನ ಮಕ್ಕಳ ವಿಗ್ರಹಗಳನ್ನು ಮಾಡಿಸಿದಳು. ನಾಲ್ವರು ನಾಲ್ಕು ಋತುಗಳ ವೇಷದಲ್ಲಿ ನಿಂತಿದ್ದಾರೆ. ಎಳೆಗೂಸುಗಳ ಕೈಕಾಲುಗಳ ಪಡಿಯಚ್ಚನ್ನೂ ಅಮೃತಶಿಲೆಯಲ್ಲಿ ಕಡೆಸಿ, ಗಾಜಿನೊಳಗೆ ಇಡಿಸಿದ್ದಳು. ಮೊಣಕೈಯ ಮಡಿಕೆ, ಪಾದದ ಗುಳಿ, ಪುಟ್ಟ ಬೆರಳುಗಳು; ತಾಯಿಯೊಬ್ಬಳ ಕಕ್ಕುಲಾತಿ ಎಷ್ಟು ಆಳದ್ದೆಂದು ಹೇಳಲು ಬೇರೆ ದಾಖಲೆ ಬೇಡ. ಅವೆಲ್ಲ ಹಾಲಿನಂತೆ ಬಿಳಿ. ಗೌರಮ್ಮನ ಎದೆಮಟ್ಟದ ವಿಗ್ರಹವನ್ನು ಮಾಡಿದವನು ಕಾರ್ಲೊ ಮರೊಕೆಟ್ಟಿ. ಅದು ಬಿಳಿಯಲ್ಲ. ಕಲ್ಲಿಗೆ ಬಣ್ಣ ಕೊಡಲಾಗಿದೆ. ಪಂಜಾಬಿನ ಪದಚ್ಯುತ ಅರಸ ದುಲೀಪ್ ಸಿಂಗನ ವಿಗ್ರಹವನ್ನೂ ಮರೊಕೆಟ್ಟಿಯೇ ಮಾಡಿದ. ಶಿಲ್ಪಕ್ಕೆ ಬಣ್ಣ ಕೊಡುವುದು ಆ ಕಾಲದ ಕಲಾವಿದರಲ್ಲಿ ಬಿಸಿ ಚರ್ಚೆಯಾಗಿದ್ದ ಪ್ರಯೋಗ, ಜಾನ್ ಗಿಬ್ಸನ್ ತನ್ನ ವೀನಸ್ ವಿಗ್ರಹಕ್ಕೂ ಬಣ್ಣ ಹಚ್ಚಿದ್ದ, ಆದ್ದರಿಂದ ಇದನ್ನು ಅವಮಾನವೆಂದು ಓದಬೇಕಿಲ್ಲ. ಆದರೆ ಯಾರಿಗೆ ಬಣ್ಣ ಬೇಕೆನಿಸಿತು, ಯಾರಿಗೆ ಬೇಡವೆನಿಸಿತು ಎಂಬುದು ಕಣ್ಣಿಗೆ ಕಾಣುವ ಸಂಗತಿ. ಸ್ವಂತ ಮಕ್ಕಳು ಋತುಗಳಾಗಿ ಕಾಲದೇಶ ಮೀರಿ ನಿಂತರು. ಧರ್ಮಪುತ್ರಿ ತನ್ನ ಮೈಬಣ್ಣದೊಂದಿಗೆ, ಎಲ್ಲಿಂದ ಬಂದವಳೆಂಬ ಗುರುತಿನೊಂದಿಗೆ ನಿಂತಳು.

ಮಕ್ಕಳು ಓಡಾಡಿ ಸುಸ್ತಾಗುವ ಕೋಟೆಗೂ ಇದೇ ದಾರ ಹಬ್ಬಿದೆ. ಸ್ವಿಸ್ ಕಾಟೇಜ್ ಹತ್ತಿರ ಮಣ್ಣು ಒಟ್ಟಿ ಕಟ್ಟಿದ ಪುಟ್ಟ ಕೋಟೆಯೊಂದಿದೆ, 1856ರದ್ದು. ನಾಲ್ಕು ವರ್ಷದ ನಂತರ ಇಟ್ಟಿಗೆಯ ಸೈನಿಕ ವಸತಿಯೂ ಅದಕ್ಕೆ ಸೇರಿತು. ಅಲ್ಲಿ ಮುಖ್ಯವಾಗಿ ಆಡಿದವನು ಮೂರನೇ ಮಗ ಆರ್ಥರ್. 1854ರಲ್ಲಿ, ಅವನಿಗೆ ನಾಲ್ಕು ವರ್ಷವಿದ್ದಾಗ, ಆಸ್ಬರ್ನ್‌ಗೆ ಬಂದಿದ್ದ ಹದಿಹರೆಯದ ದುಲೀಪ್ ಸಿಂಗನ ನಾಡಿನ ಉಡುಪು ತೊಡಿಸಿ ಆರ್ಥರನ ಮತ್ತು ಅಣ್ಣ ಆಲ್ಫ್ರೆಡನ ಫೋಟೊ ತೆಗೆದರು. ಐದು ವರ್ಷ ಹಿಂದಷ್ಟೇ ರಾಜ್ಯವನ್ನೂ ಕೊಹಿನೂರನ್ನೂ ಕಳೆದುಕೊಂಡಿದ್ದ ಹುಡುಗನ ಉಡುಪು ಅದು. ಆರ್ಥರ್ ಬೆಳೆದು ನಿಜವಾದ ಸೈನಿಕನಾದ. 1886ರಿಂದ 1890ರವರೆಗೆ ಬಾಂಬೆ ಸೇನೆಯ ದಂಡನಾಯಕನಾಗಿದ್ದ. ಡ್ಯೂಕ್ ಆಫ್ ಕನಾಟ್ ಎಂಬ ಅವನ ಬಿರುದೇ ದೆಹಲಿಯ ಕನಾಟ್ ಪ್ಲೇಸ್‌ಗೆ ಬಂತು. ಆಟದ ಕೋಟೆಯಿಂದ ಬಾಂಬೆ ಸೇನೆಯವರೆಗಿನ ದಾರಿ ನೇರವಾಗಿದೆ.

ಇನ್ನು ದರ್ಬಾರ್ ಕೋಣೆ. ವಿಕ್ಟೋರಿಯಾ ಎಂದೂ ಭಾರತಕ್ಕೆ ಬರಲಿಲ್ಲ. ಬದಲಿಗೆ 1890ರ ದಶಕದ ಆರಂಭದಲ್ಲಿ ಆಸ್ಬರ್ನ್‌ಗೇ ಭಾರತದ ಕೋಣೆಯೊಂದನ್ನು ಸೇರಿಸಿದಳು. ರೂಪಿಸಿದವರು ಲಾಹೋರಿನ ಮೇಯೊ ಕಲಾಶಾಲೆಯ ಭಾಯಿ ರಾಮ್ ಸಿಂಗ್. ಮರಗೆಲಸದ ಮನೆತನದಲ್ಲಿ ಹುಟ್ಟಿ, ಆ ಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಮುಂದೆ ಅದರ ಮುಖ್ಯಸ್ಥರೂ ಆದವರು. ಅವರಿಗೆ ಮಾರ್ಗದರ್ಶಕನಾಗಿದ್ದವನು ಲೇಖಕ ರುಡ್ಯಾರ್ಡ್ ಕಿಪ್ಲಿಂಗನ ತಂದೆ ಲಾಕ್‌ವುಡ್ ಕಿಪ್ಲಿಂಗ್. ಒಲೆಗೂಡಿನ ಮೇಲೆ ಗರಿಬಿಚ್ಚಿದ ನವಿಲು, ಛಾವಣಿಯ ತುಂಬ ಬಿಳಿ ಗಾರೆಯ ಸೂಕ್ಷ್ಮ ಕುಸುರಿ. ಹತ್ತಿರದ ಓಣಿಯ ಗೋಡೆಗಳಲ್ಲಿ ರುಡಾಲ್ಫ್ ಸ್ವೊಬೊಡಾ ಬರೆದ ಭಾರತೀಯರ ಮುಖಗಳು. ಅವರಲ್ಲಿ ಕೆಲವರು 1886ರ ಲಂಡನ್ ವಸ್ತುಪ್ರದರ್ಶನಕ್ಕೆ ಕರೆತಂದ ಕುಶಲಕರ್ಮಿಗಳು. ಆ ತಂಡದಲ್ಲಿ ಆಗ್ರಾ ಜೈಲಿನಲ್ಲಿ ಕಸುಬು ಕಲಿತ ಕೈದಿಗಳು ಇದ್ದರು. ಕುಂಬಾರ ಬಕ್ಷಿರಾಮನ ಸುಕ್ಕುಗಟ್ಟಿದ ಮುಖದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನೂರು ದಾಟಿದ್ದನೆಂದು ಹೇಳಲಾದ ಆ ಮುದುಕನನ್ನು ಸ್ವೊಬೊಡಾ ಒಬ್ಬ ರಾಜನಿಗೆ ಸಲ್ಲುವ ಘನತೆಯಿಂದಲೇ ಬರೆದಿದ್ದಾನೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ರಾಣಿಗೆ ಭಾರತೀಯರ ಮೇಲೆ ನಿಜವಾದ ಪ್ರೀತಿಯಿತ್ತಲ್ಲ? ಇತ್ತು. 1887ರಲ್ಲಿ ಸೇವಕನಾಗಿ ಬಂದ ಆಗ್ರಾದ ಅಬ್ದುಲ್ ಕರೀಮನನ್ನು ಮುನ್ಷಿಯಾಗಿಸಿ, ವಯಸ್ಸಾದ ಕಾಲದಲ್ಲಿ ಅವನಿಂದ ಹಿಂದೂಸ್ತಾನಿ ಬರೆಯಲು ಕಲಿತಳು. ಆಸ್ಥಾನದವರು ಅವನನ್ನು ಕೀಳಾಗಿ ಕಂಡಾಗ ಅವರನ್ನೇ ಗದರಿದಳು. ಗೌರಮ್ಮನ ಬದುಕು ನೆಲೆಗೊಳ್ಳಲಿ ಎಂದು ದುಲೀಪನ ಜತೆ ಮದುವೆ ಮಾಡಿಸಲು ಆಸೆಪಟ್ಟಳು; ಅವನು ಒಪ್ಪಲಿಲ್ಲ. ಆದರೆ ಆ ಆಸೆಯಲ್ಲೇ ನೋಡಿ: ರಾಜ್ಯ ಕಳೆದುಕೊಂಡ ಇಬ್ಬರು ಕ್ರೈಸ್ತ ಮಕ್ಕಳನ್ನು ಒಂದುಗೂಡಿಸಿದರೆ ಭಾರತಕ್ಕೆಲ್ಲ ಮಾದರಿಯಾದೀತು ಎಂಬ ಲೆಕ್ಕ ಪ್ರೀತಿಯ ಒಳಗೇ ಕೂತಿತ್ತು. ಪ್ರೀತಿ ಇತ್ತೆಂದು ಸಾಬೀತು ಮಾಡಿದ ಮಾತ್ರಕ್ಕೆ ಅಧಿಕಾರ ಇರಲಿಲ್ಲವೆಂದು ಆಗುವುದಿಲ್ಲ. ಪ್ರೀತಿಸುವ ಕೈಯೇ ಹುಡುಗಿಯ ಹೆಸರು, ಧರ್ಮ, ವಾಸ, ಮದುವೆ ಎಲ್ಲವನ್ನೂ ತೀರ್ಮಾನಿಸುವಷ್ಟು ಬಲವುಳ್ಳದ್ದಾಗಿತ್ತು. ಕೊನೆಗೆ 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಒಬ್ಬ ಮಗಳಾದಳು. 1864ರಲ್ಲಿ ಕ್ಷಯ ಗೌರಮ್ಮನನ್ನು ಒಯ್ದಿತು. ಆಗ ಅವಳಿಗೆ ಇಪ್ಪತ್ಮೂರೂ ತುಂಬಿರಲಿಲ್ಲ.

ಎರಡನೇ ಆಕ್ಷೇಪ ನಮ್ಮವರಿಂದಲೇ ಬರಬಹುದು. ಅಪ್ಪನೇ ಮಗಳನ್ನು ಒಪ್ಪಿಸಿದ್ದಲ್ಲವೇ? ಅದೂ ಕೊಡಗಿನ ಜನರನ್ನು ಹಿಂಸಿಸಿದನೆಂಬ ಅಪಕೀರ್ತಿ ಹೊತ್ತ ಅರಸ. ಆ ಅರಸನ ದುರಾಡಳಿತವನ್ನು ಮಾಸ್ತಿಯವರು ‘ಚಿಕವೀರ ರಾಜೇಂದ್ರ’ ಕಾದಂಬರಿಯಲ್ಲಿ ಮುಚ್ಚಿಟ್ಟಿಲ್ಲ. ಕನ್ನಡಕ್ಕೆ 1983ರ ಜ್ಞಾನಪೀಠ ತಂದ ಕೃತಿ ಅದು. ಅರಸ ತನ್ನ ದಾವೆಗೆ ಅನುಕೂಲವಾದೀತೆಂದು ಮಗಳನ್ನು ರಾಣಿಯ ಮಡಿಲಿಗೆ ಹಾಕಿದನೆಂದೇ ಇಟ್ಟುಕೊಳ್ಳೋಣ. ಆಗಲೂ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ತನ್ನ ಹಣವನ್ನೇ ಪಡೆಯಲು ಸಾವಿರಾರು ಮೈಲಿ ಬಂದು, ಮಗಳನ್ನೇ ಮುಂದಿಡಬೇಕಾದ ಸ್ಥಿತಿ ಯಾರು ತಂದದ್ದು? 1859ರಲ್ಲಿ ಅವನು ಲಂಡನ್ನಿನಲ್ಲೇ ಸತ್ತ. ಅಪ್ಪನ ತಪ್ಪು ಅಪ್ಪನದ್ದು. ಎರಡು ಅಧಿಕಾರಗಳ ನಡುವೆ ಸಿಕ್ಕ ಹನ್ನೊಂದರ ಹುಡುಗಿಯ ಪಾಲಿಗೆ ಅದರಿಂದ ಏನೂ ಹಗುರಾಗುವುದಿಲ್ಲ.

■ ವಿಕ್ಟೋರಿಯಾ ಗೌರಮ್ಮ
1841: ಕಾಶಿಯಲ್ಲಿ ಜನನ
1852: ಇಂಗ್ಲೆಂಡಿಗೆ, ದೀಕ್ಷಾಸ್ನಾನ
1859: ತಂದೆಯ ಸಾವು
1860: ಮದುವೆ
1864: ಮರಣ, ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ

ಮೂರನೆಯದು ಹೆತ್ತವರ ಆಕ್ಷೇಪ, ನಾನು ಹೆಚ್ಚು ತೂಕ ಕೊಡುವುದೂ ಇದಕ್ಕೇ. ರಜೆಯ ಒಂದು ದಿನ ಮಕ್ಕಳು ಮರಳಲ್ಲಿ ಆಡಲಿ, ಐಸ್‌ಕ್ರೀಮ್ ತಿನ್ನಲಿ, ಅವರ ತಲೆಗೆ ಸಾಮ್ರಾಜ್ಯದ ಭಾರ ಯಾಕೆ? ಪಾಠ ಒಪ್ಪಿಸುವಂತೆ ಹೇಳುವುದಾದರೆ ಖಂಡಿತ ಬೇಡ. ಆದರೆ ಆಸ್ಬರ್ನ್‌ನಲ್ಲಿ ಇತಿಹಾಸ ಯುದ್ಧಗಳ, ಒಪ್ಪಂದಗಳ ರೂಪದಲ್ಲಿ ಎದುರಾಗುವುದಿಲ್ಲ. ಗುದ್ದಲಿ, ತೊಟ್ಟಿಲು, ಚಹಾ ಬಟ್ಟಲಿನ ರೂಪದಲ್ಲಿ ಎದುರಾಗುತ್ತದೆ. ಅಪ್ಪನಿಂದ ದೂರವಿರುವುದು, ಹೆಸರು ಬದಲಾಗುವುದು, ಗೊತ್ತಿಲ್ಲದ ಭಾಷೆಯ ಮನೆಯಲ್ಲಿ ಬೆಳೆಯುವುದು ಎಂದರೇನೆಂದು ಎಂಟು ವರ್ಷದ ಮಗುವಿಗೆ ವಿವರಿಸಬೇಕಿಲ್ಲ. ಎರಡು ದೇಶಗಳ ನಡುವೆ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಂತೂ ಬೇಡವೇ ಬೇಡ. ಅವಳಿಗೂ ತೋಟದಲ್ಲಿ ಒಂದು ಪಾತಿ ಕೊಟ್ಟಿದ್ದರಾ ಎಂದು ಮಗು ಕೇಳಿದರೆ, ಅದಕ್ಕಿಂತ ಒಳ್ಳೆಯ ಇತಿಹಾಸದ ಪ್ರಶ್ನೆ ಇಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1906ರಿಂದ ನಿಂತಿರುವ ವಿಕ್ಟೋರಿಯಾ ವಿಗ್ರಹವನ್ನು ಕಂಡ ಮಕ್ಕಳಿಗೆ, ಕೈಯಲ್ಲಿ ರಾಜದಂಡ ಹಿಡಿದ ಆ ಹೆಂಗಸು ಯಾರ ತಾಯಿ, ಯಾರ ಧರ್ಮಮಾತೆ ಎಂಬುದೂ ತಿಳಿದಿರಲಿ.

ಆದ್ದರಿಂದ ದಿನದ ಕ್ರಮವನ್ನೇ ಸ್ವಲ್ಪ ಬದಲಿಸುವುದು ಒಳ್ಳೆಯದು. ಬೆಳಗ್ಗೆ ಮಕ್ಕಳ ಕಾಲಿನಲ್ಲಿ ಶಕ್ತಿ ಇರುವಾಗಲೇ ಅರಮನೆ ಮುಗಿಸಿ: ಬಿಳಿ ಕಲ್ಲಿನ ಮಕ್ಕಳು, ಮೇಲಿನ ಮಹಡಿಯ ತೊಟ್ಟಿಲುಗಳ ಕೋಣೆ, ದರ್ಬಾರ್ ಕೋಣೆ, ಗೌರಮ್ಮ. ಅವಳ ಕತೆ ಹೇಳುವುದಕ್ಕೆ ಸ್ವಿಸ್ ಕಾಟೇಜಿನವರೆಗಿನ ನಡಿಗೆ ಸಾಕು. ಮಧ್ಯಾಹ್ನ ಕೋಟೆ, ತೋಟ, ಕೊನೆಗೆ ಸಮುದ್ರ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ 1986ರಿಂದ ಈ ಮನೆಯನ್ನು ಚೆನ್ನಾಗಿ ಕಾಪಾಡಿಕೊಂಡು ಬಂದಿದೆ. ಆದರೆ ಕೊಡಗಿನ ಕತೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ಅವರದ್ದಲ್ಲ, ನಮ್ಮದು. ಬ್ರಿಟನ್ನಿನ ಕನ್ನಡ ಸಂಘಗಳು ಬೇಸಿಗೆಯಲ್ಲಿ ಕುಟುಂಬ ಪ್ರವಾಸ ಇಟ್ಟುಕೊಳ್ಳುವಾಗ, ಮಕ್ಕಳಿಗೆಂದು ನಾಲ್ಕು ಪುಟದ ಕನ್ನಡ ಕೈಹೊತ್ತಗೆಯೊಂದನ್ನು ಅಚ್ಚು ಹಾಕಿಸಬಹುದು. ಮೊದಲ ಪುಟದಲ್ಲಿ ವಿಕ್ಟೋರಿಯಾಳ ಒಂಬತ್ತು ಮಕ್ಕಳ ಹೆಸರು, ಹುಟ್ಟಿದ ವರ್ಷ. ಅದೇ ಪಟ್ಟಿಯಲ್ಲಿ, 1840ರ ವಿಕಿಯ ಕೆಳಗೆ, 1841ರ ಎಡ್ವರ್ಡನ ಪಕ್ಕಕ್ಕೆ, ಗೌರಮ್ಮ.